ಲೈಟರ್ ಬೆಳಕಿಗೆ ಕಪ್ಪಾಯಿತೆಂದು ವೆಲ್ಡಿಂಗ್ ಹೆಲ್ಮೆಟ್ ನಂಬಬೇಡಿ

ಮನೆಯಲ್ಲಿ ಸಣ್ಣಪುಟ್ಟ ವೆಲ್ಡಿಂಗ್ ಮಾಡಿಕೊಳ್ಳುವವರು, ಗಾಜು ತಾನಾಗಿ ಕಪ್ಪಾಗುವ ಹೆಲ್ಮೆಟ್ ಕೊಳ್ಳುವ ಮುನ್ನ ದಯವಿಟ್ಟು ಇದನ್ನು ಓದಿ. ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆ. ಗೇಟಿನ ಕೆಳಗಿನ ಹಿಂಜ್ ತುಕ್ಕು ಹಿಡಿದು ಕಿತ್ತುಬಂದಿತ್ತು. ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಮನೆಯಲ್ಲಿತ್ತು, ರಾಡ್ ಇತ್ತು. ಕೈಯಲ್ಲಿ ಹಿಡಿಯುವ ಶೀಲ್ಡ್ ಕೂಡ ಇತ್ತು. ಆದರೆ ಟ್ಯಾಕ್ (ಮೊದಲು ಹಿಡಿದು ನಿಲ್ಲಿಸುವ ಚಿಕ್ಕ ಬೆಸುಗೆ) ಹಾಕುವಾಗ ಪೈಪು ಹಿಡಿಯಲು ಇನ್ನೊಂದು ಕೈ ಬೇಕಲ್ಲ ಎಂದು ಹೆಲ್ಮೆಟ್ ತರಲು ಹೋದೆ. ಅಂಗಡಿಯವರು ಗಾಜಿನ ಮುಂದೆ ಲೈಟರ್ ಹೊತ್ತಿಸಿದರು. ಹಸಿರು ಗಾಜು ಕಣ್ಣುಮಿಟುಕಿಸುವುದರೊಳಗೆ ಕಪ್ಪಾಯಿತು. ‘ನೋಡಿ ಸಾರ್, ಇನ್ನೇನು ಬೇಕು?’ ಎಂದರು. ಸಾವಿರದ ನೂರು ರೂಪಾಯಿ ಕೊಟ್ಟು ತಂದೆ. ಮನೆಯಲ್ಲಿ ಮಗ ಟಿವಿ ರಿಮೋಟ್ ಒತ್ತಿದಾಗಲೂ ಗಾಜು ಕಪ್ಪಾಯಿತು. ನನ್ನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಸಂಜೆ ನಾಲ್ಕಕ್ಕೆ ಕೆಲಸಕ್ಕೆ ಕುಳಿತೆ. ಹಿಂಜ್ ಇದ್ದದ್ದು ನೆಲದಿಂದ ಗೇಣುದ್ದ ಮೇಲೆ. ಬಗ್ಗಿ ತಲೆ ಓರೆ ಮಾಡಿದಾಗ ಗೇಟಿನ ಪೈಪು, ವೆಲ್ಡಿಂಗ್ ಬೆಳಕನ್ನು ಕಂಡು ಗಾಜನ್ನು ಕಪ್ಪಾಗಿಸುವ ಸೆನ್ಸರ್‌ಗಳಿಗೆ ಅಡ್ಡ ಬರುತ್ತಿತ್ತು. ಇದ್ದದ್ದೇ ಎರಡು ಸೆನ್ಸರ್. ಆರ್ಕ್ (ರಾಡ್ ತುದಿಯ ವೆಲ್ಡಿಂಗ್ ಕಿಡಿ) ಉರಿಯುತ್ತಿರುವಾಗಲೇ ಗಾಜು ತಿಳಿಯಾಗಿ ಕಣ್ಣಿಗೆ ಬಿಳಿ ಮಿಂಚು ಹೊಡೆಯಿತು. ಹೀಗೆ ಐದಾರು ಸಲ ಆಯಿತು. ಆಗ ನಿಲ್ಲಿಸಬೇಕಿತ್ತು. ನೋವಿರಲಿಲ್ಲವಾದ್ದರಿಂದ ಮುಂದುವರಿಸಿದೆ.

ನೋವು ಬಂದದ್ದು ರಾತ್ರಿ ಹನ್ನೊಂದರ ಮೇಲೆ. ಎರಡೂ ಕಣ್ಣಿಗೆ ಹಿಡಿ ಮರಳು ತುಂಬಿ ಉಜ್ಜಿದ ಹಾಗೆ. ರೆಪ್ಪೆ ತೆರೆದರೆ ಉರಿ, ಮುಚ್ಚಿದರೂ ಉರಿ, ನೀರು ಧಾರಾಕಾರ. ಅಡುಗೆಮನೆಯ ದೀಪದ ಬೆಳಕು ಬಾಗಿಲ ಸಂದಿಯಿಂದ ಬಂದರೂ ತಡೆಯಲಾಗಲಿಲ್ಲ. ಪಕ್ಕದ ಮನೆಯ ಅಜ್ಜಿ ಎದೆಹಾಲು ಬಿಡಿಸಿ ಎಂದರು, ಇನ್ನೊಬ್ಬರು ಆಲೂಗಡ್ಡೆ ಹೋಳು ಇಡಿ ಎಂದರು. ಹೆಂಡತಿ ಯಾವುದಕ್ಕೂ ಒಪ್ಪದೆ, ‘ರೀ, ಕಣ್ಣು ಉಜ್ಜಬೇಡಿ’ ಎಂದು ಕೈ ಹಿಡಿದುಕೊಂಡೇ ಬೆಳಗು ಮಾಡಿದಳು. ಅವಳು ಮಾಡಿದ್ದೇ ಸರಿ ಎಂದು ಕಣ್ಣಿನ ಡಾಕ್ಟರ್ ಹೇಳಿದರು.

ಡಾಕ್ಟರ್ ಕಣ್ಣಿಗೆ ಕಿತ್ತಳೆ ಬಣ್ಣದ ಔಷಧಿ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ಮೇಲ್ಪದರ ಚುಕ್ಕಿ ಚುಕ್ಕಿಯಾಗಿ ಸುಟ್ಟಿತ್ತು. ಕಾರಣ ಆರ್ಕ್ ಬೆಳಕಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಈ ಸುಟ್ಟಗಾಯ ಆಗುವಾಗ ತಿಳಿಯುವುದಿಲ್ಲ, ಆರರಿಂದ ಹನ್ನೆರಡು ಗಂಟೆಯ ನಂತರ ನೋವು ಶುರುವಾಗುತ್ತದೆಯಂತೆ. ಅಲ್ಲಿ ಹಾಕಿದ ಮರಗಟ್ಟಿಸುವ ಡ್ರಾಪ್ಸ್ ಅನ್ನು ಮನೆಗೂ ಕೊಡಿ ಎಂದು ಬೇಡಿಕೊಂಡೆ. ಅದನ್ನು ಮತ್ತೆ ಮತ್ತೆ ಹಾಕಿದರೆ ಗಾಯ ಮಾಯುವುದಿಲ್ಲ ಎಂದು ಕೊಡಲಿಲ್ಲ. ಬೇರೆ ಡ್ರಾಪ್ಸ್, ಮುಲಾಮು ಬರೆದರು. ಇನ್ನೊಂದು ರಾತ್ರಿ ಕಳೆದ ಮೇಲೆ ಕಣ್ಣು ತೆರೆಯಲಾಯಿತು.

ಗಾಜಿನ ವಿಷಯ ತಿಳಿಸಿಕೊಟ್ಟವರು ನಮ್ಮ ಬೀದಿಯಲ್ಲೇ ಇರುವ, ಹರಿಹರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಹೆಲ್ಮೆಟ್ಟಿನಿಂದ ಗಾಜಿನ ಪೆಟ್ಟಿಗೆಯನ್ನು ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿ, ‘ಮೇಷ್ಟ್ರೇ, ಇದರ ಮೇಲೆ ಒಂದಕ್ಷರವೂ ಇಲ್ಲವಲ್ಲ’ ಎಂದರು. ಒಳ್ಳೆಯ ಗಾಜಿನಲ್ಲಿ ನೇರಳಾತೀತ ಮತ್ತು ಅವಗೆಂಪು ಕಿರಣಗಳನ್ನು ತಡೆಯುವ ಪದರ ಬೇರೆಯೇ ಇರುತ್ತದೆ. ಬ್ಯಾಟರಿ ಸತ್ತಿರಲಿ, ಗಾಜು ತಿಳಿಯಾಗಿರಲಿ, ಆ ಪದರ ಸದಾ ಕೆಲಸ ಮಾಡುತ್ತಿರುತ್ತದೆ. ಕಪ್ಪಾಗುವುದು ಕಣ್ಣು ಕುಕ್ಕದಿರಲಿ ಎಂದು. ಅಂಥ ಗಾಜಾಗಿದ್ದರೆ ಆ ಐದಾರು ಮಿಂಚಿಗೆ ಕಣ್ಣು ಕತ್ತಲಿಟ್ಟೀತು, ಹೀಗೆ ಸುಡುತ್ತಿರಲಿಲ್ಲ. ಲೈಟರ್, ರಿಮೋಟ್ ತೋರಿಸುವುದು ಸೆನ್ಸರ್ ಜೀವಂತವಾಗಿದೆ ಎಂಬುದನ್ನು ಮಾತ್ರ. ಆ ಪದರ ಇದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ಗೊತ್ತಾಗುವ ದಾರಿಯೇ ಇಲ್ಲ.

ಆದ್ದರಿಂದ ಡಬ್ಬಿಯ ಮೇಲಿನ ಮಾತು ಬಿಟ್ಟು, ಗಾಜಿನ ಪೆಟ್ಟಿಗೆಯ ಮೇಲೆಯೇ ಇರುವ ಗುರುತು ನೋಡಿ. ಯುರೋಪಿನ ಇಎನ್ 379 (ಈಗ ಅದರ ಬದಲು ಬಂದಿರುವುದು ಇಎನ್ ಐಎಸ್ಒ 16321) ಅಥವಾ ಅಮೆರಿಕದ ಝಡ್ 87.1 ಸುರಕ್ಷತಾ ಮಾನದಂಡದ ಗುರುತು, ತಯಾರಕರ ಹೆಸರು ಮತ್ತು 4/9-13 ಎಂಬಂಥ ಶೇಡ್ (ಗಾಜು ಎಷ್ಟು ಕಪ್ಪು ಎಂಬ ಅಳತೆ) ಸಂಖ್ಯೆ ಇರಬೇಕು. ತಿಳಿಯಾಗಿದ್ದಾಗ ಶೇಡ್ 4, ಕಪ್ಪಾದಾಗ 9ರಿಂದ 13 ಎಂದು ಅದರ ಅರ್ಥ. ಮನೆಯ ರಾಡ್ ವೆಲ್ಡಿಂಗ್‌ಗೆ 10 ಅಥವಾ 11 ಸಾಕಾಗುತ್ತದೆ. ಗುರುತನ್ನೂ ನಕಲು ಮಾಡುವವರಿದ್ದಾರೆ, ಹಾಗಾಗಿ ಬಿಲ್ ಕೊಡುವ, ಹೆಸರಿರುವ ಕಂಪನಿಯ ಮಾಲನ್ನೇ ಕೊಳ್ಳಿ. ನನ್ನಂತೆ ಮೂಲೆ ಸಂದಿಯಲ್ಲಿ ಬಗ್ಗಿ ಕೆಲಸ ಮಾಡುವವರು ನಾಲ್ಕು ಸೆನ್ಸರ್ ಇರುವುದನ್ನು ಕೇಳಿ. ಲೋಹ ಉಜ್ಜುವಾಗ ಗಾಜು ತಿಳಿಯಾಗಿಯೇ ಇರಲೆಂದು ಇಡುವ ಗ್ರೈಂಡಿಂಗ್ ಸ್ವಿಚ್ ಇದ್ದರೆ ಆರ್ಕ್ ಹೊಡೆಯುವ ಮುನ್ನ ಪ್ರತಿ ಸಲವೂ ಮುಟ್ಟಿ ನೋಡಿ, ಅದು ಆನ್ ಆಗಿದ್ದರೆ ಗಾಜು ಕಪ್ಪಾಗುವುದೇ ಇಲ್ಲ. ಅಷ್ಟು ಹಣ ಈಗ ಇಲ್ಲವೆಂದರೆ ಗುರುತಿರುವ ಸಾದಾ ಕಪ್ಪು ಗಾಜಿನ ಹಳೆಯ ಶೀಲ್ಡ್ ಎಷ್ಟೋ ವಾಸಿ.

ಹೆಲ್ಮೆಟ್ ವಾಪಸ್ ಕೊಡಲು ಹೋದೆ. ಅಂಗಡಿಯವರು ಜಗಳವಾಡಲಿಲ್ಲ, ಅದೇ ರಾಶಿಯಿಂದ ಇನ್ನೊಂದನ್ನು ತೆಗೆದು ಲೈಟರ್ ಹೊತ್ತಿಸಿ ತೋರಿಸಿದರು. ನಾನು ಹಣ ಕೇಳಿ ಪಡೆದೆ. ನಾನು ಕೊಟ್ಟದ್ದನ್ನು ಅವರು ಒರೆಸಿ ಮತ್ತೆ ಮೊಳೆಗೆ ತೂಗುಹಾಕಿದರು. ಅಲ್ಲಿ ಇನ್ನೂ ಏಳೆಂಟು ತೂಗುತ್ತಿದ್ದವು.