ಏನೂ ಬೇಡ ಅನ್ನುವ ಪಪ್ಪ-ಮಮ್ಮಿಗೆ ಕ್ರಿಸ್‌ಮಸ್ ಗಿಫ್ಟ್: ರಿಕ್ಲೈನರ್, ಬಿಪಿ ಮಿಷನ್, ರೇಷ್ಮೆ ಸೀರೆ, ಹಳೇ ಈಸಿ ಚೇರ್

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಹಳೇ ಈಸಿ ಚೇರ್. ಅಂಗಡಿಯಿಂದ ತಂದದ್ದಲ್ಲ, ಅಜ್ಜನ ಕಾಲದಿಂದ ನಮ್ಮ ಚಾವಡಿಯಲ್ಲೇ ಇದ್ದದ್ದು. ಅದಕ್ಕೆ ಹೊಸದಾಗಿ ಬೆತ್ತ ಹೆಣೆಸಿದೆ, ಅಷ್ಟೇ. ನಾನೂ ಅಕ್ಕನೂ ಸೇರಿ ಇಪ್ಪತ್ತೆರಡು ಸಾವಿರ ಕೊಟ್ಟು ತಂದ ರಿಕ್ಲೈನರ್ (ಹಿಂದಕ್ಕೆ ಒರಗಿ ಕಾಲು ಚಾಚುವ ಮೆತ್ತೆ ಕುರ್ಚಿ) ಅದರ ಪಕ್ಕದ ಕೋಣೆಯಲ್ಲಿ ಬೆಡ್‌ಶೀಟ್ ಹೊದ್ದುಕೊಂಡು ಕೂತಿದೆ. ಹಾಗಾಗಿ ಈ ಹೋಲಿಕೆಯಲ್ಲಿ ಪಕ್ಷಪಾತ ಇಲ್ಲ ಅಂತ ಯಾರೂ ತಿಳಿಯಬೇಡಿ. ಧಾರಾಳವಾಗಿ ಇದೆ.

ನಮ್ಮದು ಮೂಡುಬಿದಿರೆ ಕಡೆ. ಊರಲ್ಲಿ ಪಪ್ಪ-ಮಮ್ಮಿ ಇಬ್ಬರೇ. ನಾನು ಬೆಂಗಳೂರು, ಅಕ್ಕ ದುಬೈ. ನಾವು ಸಣ್ಣವರಿದ್ದಾಗ ಕ್ರಿಸ್‌ಮಸ್ ಅಂದರೆ ಹೊಸ ಬಟ್ಟೆ, ಗೋದಲಿ ಕಟ್ಟುವುದು, ನೆರೆಮನೆಗಳಿಗೆ ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆ ಹೊತ್ತು ಓಡುವುದು. ಬಣ್ಣದ ಕಾಗದ ಸುತ್ತಿದ ಗಿಫ್ಟ್ ಎಲ್ಲ ನಾವು ದುಡಿಯಲು ಶುರು ಮಾಡಿದ ಮೇಲೆ ಬಂದದ್ದು. ಬಂದ ಮೇಲೆ ಪ್ರತಿ ವರ್ಷ ಅದೇ ಫೋನು. "ಈ ಸಲ ಎಂತ ತರಲಿ ಪಪ್ಪ?" "ಎಂತದ್ದೂ ಬೇಡ. ಬಸ್ಸಿಗೆ ಟಿಕೆಟ್ ಮಾಡಿದಿಯಾ ಇಲ್ವಾ, ಅದು ಹೇಳು."

ಇಬ್ಬರದ್ದೂ ಬೇರೆ ಬೇರೆ ಕಷ್ಟ. ಪಪ್ಪ ಹೊಸತನ್ನು ಮುಟ್ಟುವುದೇ ಇಲ್ಲ. ಮಮ್ಮಿ ಮುಟ್ಟುತ್ತಾರೆ, ನೋಡುತ್ತಾರೆ, ಖುಷಿಪಡುತ್ತಾರೆ, ಆಮೇಲೆ ಮಡಚಿ ಕಪಾಟಿನಲ್ಲಿ ಇಡುತ್ತಾರೆ. "ಯಾರಾದರೂ ಬಂದಾಗ ತೆಗೆದರಾಯಿತು" ಅಂತ. ಬಿಷಪ್ಪರೇ ಬಂದರೂ ಅದು ಹೊರಗೆ ಬರುವುದಿಲ್ಲ.

ಆದ್ದರಿಂದ ನನ್ನ ಅಳತೆಗೋಲು ಒಂದೇ. ಜನವರಿ ಮುಗಿಯುವ ಹೊತ್ತಿಗೆ, ನಾವೆಲ್ಲ ವಾಪಸ್ ಹೋದ ಮೇಲೆ, ಆ ವಸ್ತು ಬಳಕೆಯಲ್ಲಿ ಇದೆಯಾ? ವಿಡಿಯೊ ಕಾಲ್ ಮಾಡಿದಾಗ ಹಿಂದೆ ಕಾಣುತ್ತದಾ? ಹಬ್ಬದ ದಿನ ಎಲ್ಲರೂ ಚಂದ ಉಂಟು ಅಂತಾರೆ. ಅದು ಲೆಕ್ಕಕ್ಕಿಲ್ಲ.

ರಿಕ್ಲೈನರ್ ಈ ಪರೀಕ್ಷೆಯಲ್ಲಿ ಜನವರಿಯವರೆಗೂ ಹೋಗಲಿಲ್ಲ. ಪಪ್ಪನಿಗೆ ಬೆನ್ನುನೋವು ಅಂತ ತಂದದ್ದು. ಬೆಂಗಳೂರಿನ ಶೋರೂಮಿನಲ್ಲಿ ನಾನು ಕೂತಾಗ ನಿದ್ದೆಯೇ ಬಂದಿತ್ತು. ಆದರೆ ಕಾಲಿನ ಹಲಗೆಯನ್ನು ಹಿಮ್ಮಡಿಯಿಂದ ಒತ್ತಿ ಒಳಗೆ ತಳ್ಳಬೇಕು, ಆಗ ಮಾತ್ರ ಏಳಲು ಆಗುತ್ತದೆ. ಮಂಡಿನೋವಿನವರಿಗೆ ಅದು ಆಗುವ ಕೆಲಸವಾ? ಎರಡು ಸಲ ಸಿಕ್ಕಿಹಾಕಿಕೊಂಡ ಮೇಲೆ ಪಪ್ಪ ಅದರ ಸುದ್ದಿಗೆ ಹೋಗಲಿಲ್ಲ. ಹಿಂದಕ್ಕೆ ಒರಗಲು ಗೋಡೆಯಿಂದ ಜಾಗ ಬಿಡಬೇಕು, ಗುಡಿಸುವಾಗ ಸರಿಸಲು ಇಬ್ಬರು ಬೇಕು. ಅದರ ಮೇಲೆ ನಮ್ಮ ಕರಾವಳಿಯ ಹವೆ. ಬೇಸಿಗೆಯಲ್ಲಿ ರೆಕ್ಸಿನ್ ಬೆನ್ನಿಗೆ ಅಂಟುತ್ತದೆ, ಮಳೆಗಾಲದಲ್ಲಿ ಅದರ ಮೇಲೆ ಬೂಸು. ಎಸಿ ಇರುವ ಫ್ಲಾಟಿನವರಿಗೆ ಸರಿಹೋಗಬಹುದು. ಹಂಚಿನ ಮನೆಗೆ ಬೇಡ.

ಈಗ ಬಿಪಿ ಮಿಷನ್. ವಯಸ್ಸಾದವರಿಗೆ ಗಿಫ್ಟ್ ಅಂದ ಕೂಡಲೇ ಎಲ್ಲರೂ ಹೇಳುವುದು ಇದನ್ನೇ. ಇದರ ಒಂದು ತೊಡಕನ್ನು ಮಾತ್ರ ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಕಟ್ಟುವುದೇ ಹೆಚ್ಚು ನಂಬಿಕೆಯದ್ದು ಅಂತ ಗೊತ್ತಿತ್ತು, ಅದನ್ನೇ ತರಿಸಿದೆ. ಹಬ್ಬದ ಮರುದಿನ ಊಟವಾದ ಮೇಲೆ ಎಲ್ಲರೂ ಸುತ್ತ ಕೂತು ಪರೀಕ್ಷೆ. ಮೇಲಿನ ನಂಬರ್ ಪಪ್ಪನಿಗೆ 134. ನನಗೆ 128. ಮಮ್ಮಿಗೆ 158. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 161. ಮಮ್ಮಿಯ ಮುಖ ಸಣ್ಣದಾಯಿತು. ರಾತ್ರಿ ಊಟಕ್ಕೆ ಉಪ್ಪಿನಕಾಯಿ ಇಲ್ಲ, ಉಪ್ಪು ಮೀನು ಇಲ್ಲ. ಬೆಳಿಗ್ಗೆ ಎದ್ದು ಮತ್ತೆ ನೋಡಿದರೂ ಅಷ್ಟೇ. ಡಾಕ್ಟರ ಹತ್ತಿರ ಹೋದೆವು. ಅವರ ಮಿಷನಿನಲ್ಲಿ 146, ಯಾವಾಗಲೂ ಇರುವಷ್ಟೇ.

ಮಿಷನ್ ಹಾಳು ಅಂದುಕೊಂಡೆ. ಡಾಕ್ಟರು ನಮ್ಮ ಮಿಷನಿನ ತೋಳಿಗೆ ಸುತ್ತುವ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಒಳಬದಿಯಲ್ಲಿ ಬರೆದಿತ್ತು, 22ರಿಂದ 32 ಸೆಂಟಿಮೀಟರ್. ಅಂದರೆ ತೋಳಿನ ಸುತ್ತಳತೆ ಅಷ್ಟರೊಳಗೆ ಇದ್ದವರಿಗೆ ಮಾತ್ರ ಅದು ಸರಿ. ಮನೆಗೆ ಬಂದು ಬಟ್ಟೆ ಹೊಲಿಯುವ ಟೇಪಿನಲ್ಲಿ, ಭುಜಕ್ಕೂ ಮೊಣಕೈಗೂ ನಡುವೆ, ಮಮ್ಮಿಯ ತೋಳು ಅಳೆದರೆ 35. ತೋಳು ದಪ್ಪ ಇದ್ದು ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದು ಎಲ್ಲ ಕಂಪನಿಯ ಮಿಷನಿಗೂ ಒಂದೇ.

ಹೋಗಲಿ, ದೊಡ್ಡ ಪಟ್ಟಿ ತರಿಸೋಣ ಅಂದರೆ ಇನ್ನೊಂದು ರಗಳೆ. ಅದೇ ಕಂಪನಿಯ ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ ಅಂತ ಬರೆದಿತ್ತು, ಹುಡುಕಿದರೆ ಸ್ಟಾಕ್ ಇಲ್ಲ. ಮೂಡುಬಿದಿರೆಯ ಮೆಡಿಕಲಿನಲ್ಲಿ ಸಿಕ್ಕಿದ್ದು ಬೇರೆ ಕಂಪನಿಯದ್ದು, ಅದರ ನಳಿಕೆಯ ತುದಿ ನಮ್ಮ ಮಿಷನಿನ ತೂತಿಗೆ ಕೂರುವುದಿಲ್ಲ. ಕೂರಿಸಿದರೂ ಗಾಳಿ ಸೋರುತ್ತದೆ. ಅಂಗಡಿಯವರು ಪಾಪ ತಿರುಗಿ ತೆಗೆದುಕೊಂಡರು. ಸರಿಯಾದದ್ದು ಕೈಗೆ ಬಂದದ್ದು ತಪಸ್ಸು ಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಶುರುವಾದ ಮೇಲೆ. ಅಷ್ಟರಲ್ಲಿ ಮಮ್ಮಿಗೆ ಆ ಮಿಷನಿನ ಮೇಲೆ ಇದ್ದ ನಂಬಿಕೆಯೇ ಹೋಗಿತ್ತು. ಈಗ ಅದು ಬರೀ ಪಪ್ಪನದ್ದು. ಟಿವಿಯಲ್ಲಿ ಚರ್ಚೆ ನೋಡಿ ಎದ್ದು ನೇರ ಬಿಪಿ ನೋಡುತ್ತಾರೆ. ಐದು ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಬೇಕು ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ.

ಬೇಡ ಅನ್ನುತ್ತಿಲ್ಲ. ಬಿಪಿ ಇರುವವರ ಮನೆಯಲ್ಲಿ ಇರಬೇಕಾದದ್ದೇ. ತೋಳು ಅಳೆದು, ಪಟ್ಟಿಯ ಅಳತೆ ನೋಡಿ, ಜೂನ್ ತಿಂಗಳಲ್ಲೋ ಎಂದಾದರೂ ಸಾದಾ ದಿನದಲ್ಲೋ ಕೊಡಿಸಿ. ಹಬ್ಬದ ದಿನ ಕಾಯಿಲೆಯ ಡಬ್ಬಿ ಬಿಚ್ಚುವುದು ಯಾರಿಗೆ ಇಷ್ಟ?

ಸೀರೆ. ಮೈಸೂರು ಸಿಲ್ಕ್, ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯದ್ದೇ, ಅಕ್ಕನ ದುಡ್ಡಿನಲ್ಲಿ. 1912ರಲ್ಲಿ ಮಹಾರಾಜರು ಶುರು ಮಾಡಿದ ಕಾರ್ಖಾನೆಯ ಸೀರೆ ಅಂತ ನಾನು ವಿವರಿಸಲು ಹೋದೆ, ಮಮ್ಮಿಗೆ ಬೇಕಾಗಿದ್ದದ್ದು ಸೀರೆಯಲ್ಲಿರುವ ನಂಬರ್ ಮಾತ್ರ. ಪ್ರತಿ ಸೀರೆಗೂ ಒಂದೊಂದು ನಂಬರ್ ಇರುತ್ತದೆ. ಅದನ್ನು ಕನ್ನಡಕ ಹಾಕಿ ಓದಿ, ಅತ್ತೆಗೆ ಫೋನ್ ಮಾಡಿ ಹೇಳಿದ್ದೂ ಆಯಿತು. ಸೀರೆ ಮೈಮೇಲೆ ನೀರಿನ ಹಾಗೆ ಇಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಎಲ್ಲಿದೆ? ಕಪಾಟಿನಲ್ಲಿ. ಒಂದು ರೋಸ್ (ಮದುವೆಗೆ ಮುಂಚೆ ತೆಂಗಿನಹಾಲು ಹಚ್ಚುವ ಶಾಸ್ತ್ರ), ಒಂದು ಮದುವೆ, ಅಷ್ಟೇ ಹೊರಗೆ ಬಂದದ್ದು. ಬೆಲೆಯೂ ಚಿನ್ನದ ಹಿಂದೆಯೇ ಓಡುತ್ತದೆ, ಜರಿಯಲ್ಲಿ ನಿಜವಾದ ಬೆಳ್ಳಿ-ಬಂಗಾರ ಇರುವುದರಿಂದ. ಬಜೆಟ್ ಇದ್ದರೆ ಎರಡನೇ ಸ್ಥಾನ ಇದಕ್ಕೆ. ನನ್ನ ಬಜೆಟ್ ಐದು ಸಾವಿರ.

ಹಳೇ ಹಾಡು ತುಂಬಿಸಿದ ರೇಡಿಯೊ ಪೆಟ್ಟಿಗೆ: ಕನ್ನಡ ಹಾಡು ಸಾವಿರಗಟ್ಟಲೆ, ಕೊಂಕಣಿ ಒಂದೂ ಇಲ್ಲ. ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ, ಸರಿಯಾಯಿತು. ಅಡುಗೆಮನೆಯಲ್ಲಿ ದಿನಾ ಹಾಡುತ್ತದೆ. ಕಡಿಮೆ ಖರ್ಚಿನಲ್ಲಿ ಇದು ಮೋಸ ಇಲ್ಲ.

ಕವರಿನಲ್ಲಿ ದುಡ್ಡು: ಕೊಡಬೇಡಿ. ಅದೇ ಕವರ್ ಅಕ್ಕನ ಮಕ್ಕಳ ಹೆಸರು ಬರೆಸಿಕೊಂಡು ವಾಪಸ್ ಬರುತ್ತದೆ.

ಈಗ ಕುರ್ಚಿಗೆ ಬರೋಣ. ಸಾಗುವಾನಿ ಮರದ್ದು. ಉದ್ದ ಕೈ, ತಲೆಯಿಂದ ತೊಡೆಯವರೆಗೆ ಒಂದೇ ಹಾಳೆಯ ಹಾಗೆ ಇಳಿಯುವ ಬೆತ್ತದ ಹೆಣಿಗೆ. ನಡುವೆ ಬೆತ್ತ ಹರಿದು ಎಷ್ಟೋ ಕಾಲವಾಗಿತ್ತು. ಪಪ್ಪ ಅದರ ಮೇಲೆ ಪ್ಲೈವುಡ್ ತುಂಡಿಟ್ಟು, ಮೇಲೊಂದು ತೆಳು ಹಾಸಿಗೆ ಹಾಕಿ ಕೂರುತ್ತಿದ್ದರು. ಬೆನ್ನುನೋವು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ? ರಿಕ್ಲೈನರ್ ಬಂದ ಮೇಲೂ ಕೂರುತ್ತಿದ್ದದ್ದು ಇಲ್ಲೇ. ಬಾಗಿಲು, ಗೇಟು, ರಸ್ತೆ, ಮೂರೂ ಕಾಣುವ ಜಾಗ ಅದು.

ಬೆತ್ತ ಹೆಣೆಯುವವರನ್ನು ಹುಡುಕುವುದೇ ದೊಡ್ಡ ಕೆಲಸ. ಫರ್ನಿಚರ್ ಅಂಗಡಿಯವರು "ಈಗ ಯಾರು ಮಾಡ್ತಾರೆ, ಪ್ಲಾಸ್ಟಿಕ್ ಹಾಕಿಸಿ" ಅಂದರು. ಕೊನೆಗೆ ಇಗರ್ಜಿಯ (ಚರ್ಚಿನ) ವಾಟ್ಸ್‌ಆಪ್ ಗ್ರೂಪಿನಲ್ಲಿ ಕೇಳಿದಾಗ ಒಬ್ಬ ಬಡಗಿಯ ನಂಬರ್ ಸಿಕ್ಕಿತು, ಅವರಿಂದ ಬೆತ್ತ ಹೆಣೆಯುವವರದ್ದು. ಕುರ್ಚಿಯನ್ನು ಕದ್ದು ಸಾಗಿಸಿ ಸರ್‌ಪ್ರೈಸ್ ಕೊಡುವ ಆಲೋಚನೆ ಇತ್ತು. ಆದರೆ ಪಪ್ಪನ ಕುರ್ಚಿ ಕಾಣೆಯಾದರೆ ಪೊಲೀಸರು ಬರುವುದು ಖಂಡಿತ. ಅದಕ್ಕೆ ಮನೆಗೇ ಬಂದು ಕೂತು ಮಾಡಿ ಅಂತ ಕೇಳಿಕೊಂಡೆ.

ಬೆತ್ತವೇ ಬೇಕಾ ಅನ್ನುವುದು ಇನ್ನೊಂದು ಹೋಲಿಕೆ. ಪ್ಲಾಸ್ಟಿಕ್ ಪಟ್ಟಿ ಅಗ್ಗ, ಒದ್ದೆಯಾದರೂ ಚಿಂತೆ ಇಲ್ಲ, ಆದರೆ ಸೆಕೆಗೆ ಬೆವರು ಹರಿಯುತ್ತದೆ, ಬರಬರುತ್ತಾ ಜೋತು ಬೀಳುತ್ತದೆ. ದಪ್ಪ ಬಟ್ಟೆ ಇನ್ನೂ ಅಗ್ಗ, ಆದರೆ ಗುಂಡಿಯಲ್ಲಿ ಕೂತ ಹಾಗೆ. ಬೆತ್ತದಲ್ಲಿ ಗಾಳಿ ಆಡುತ್ತದೆ. ಪಪ್ಪ ಮಧ್ಯಾಹ್ನ ಅಂಗಿ ಹಾಕದೆ ಮಲಗುವವರು, ನನಗೆ ಅಷ್ಟು ಕಾರಣ ಸಾಕಾಯಿತು.

ಹೆಣೆಯುವುದನ್ನು ನೋಡಬೇಕು ನೀವು. ಮೊದಲು ಚೌಕಟ್ಟಿನ ಸುತ್ತ ಇರುವ ತೂತುಗಳಿಂದ ಹಳೇ ಬೆತ್ತವನ್ನು ದಬ್ಬಳದಿಂದ ಕುತ್ತಿ ತೆಗೆದರು. ಬೆತ್ತದ ಸಿಪ್ಪೆಯ ಎಳೆಗಳು ಬಕೆಟ್ ನೀರಿನಲ್ಲಿ ನೆನೆಯುತ್ತಿದ್ದವು, ಒಣಗಿದ್ದರೆ ಬಗ್ಗಿಸುವಾಗ ಸೀಳುತ್ತವೆ. ಮಿಂಚುವ ಬದಿ ಮೇಲೆ ಬರಬೇಕು. ಉದ್ದಕ್ಕೆ ಎರಡು ಸಾಲು, ಅಡ್ಡಕ್ಕೆ ಎರಡು, ಆಮೇಲೆ ಓರೆಯಾಗಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಒಂದು ಎಳೆ ಎಳೆದು ಬಿಗಿ ಮಾಡಿದ ಕೂಡಲೇ ತೂತಿಗೆ ಮರದ ಗೂಟ ತುರುಕಿ ಹಿಡಿಸುತ್ತಿದ್ದರು. ಓರೆ ಸಾಲು ಬಿದ್ದ ಮೇಲೆಯೇ ಆ ಎಂಟು ಮೂಲೆಯ ಕಣ್ಣುಗಳು ಕಾಣುವುದು. ಕೊನೆಗೆ ಅಂಚಿಗೆ ಅಗಲದ ಪಟ್ಟಿ. ಪಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು ಇಡೀ ದಿನ ಮೇಸ್ತ್ರಿಗಿರಿ ಮಾಡಿದರು. "ಅಲ್ಲಿ ಸಡಿಲ ಉಂಟು ಮಾರಾಯ್ರೇ." ಅವರು ಪಾಪ ತಲೆ ಎತ್ತದೆ, "ಒಣಗಲಿ, ಬಿಗಿಯಾಗ್ತದೆ" ಅಂದರು. ಹಾಗೇ ಆಯಿತು. ಒಣಗುವವರೆಗೆ ಕೂರಬಾರದು ಅಂದಿದ್ದರಿಂದ ಅಷ್ಟು ಹೊತ್ತು ರಿಕ್ಲೈನರ್‌ಗೂ ಕೆಲಸ ಸಿಕ್ಕಿತು.

ಬೆತ್ತ, ಮಜೂರಿ, ಮರಕ್ಕೆ ಪಾಲಿಶ್ ಎಲ್ಲ ಸೇರಿ ಮೂರು ಸಾವಿರದ ಎಂಟುನೂರು. ಜನವರಿಯಲ್ಲಿ ಕಾಲ್ ಮಾಡಿದಾಗ ಪಪ್ಪ ಅದರಲ್ಲೇ. ಫೆಬ್ರವರಿಯಲ್ಲೂ ಅದರಲ್ಲೇ. ಪ್ಲೈವುಡ್ ಈಗ ಕೋಳಿಗೂಡಿನ ಬಾಗಿಲು.

ಕೊರತೆ ಇಲ್ಲ ಅಂತಲ್ಲ. ಬೆತ್ತದ ಮೇಲೆ ಮಕ್ಕಳು ನಿಲ್ಲಬಾರದು, ಮೊಣಕಾಲು ಊರಬಾರದು, ಒಂದೇ ಕಡೆ ಭಾರ ಬಿದ್ದರೆ ಹರಿಯುತ್ತದೆ. ಮಳೆಗಾಲದಲ್ಲಿ ಒರೆಸಿ ಗಾಳಿಗೆ ಇಡಬೇಕು. ಸಡಿಲವಾದರೆ ಅಡಿಬದಿಯಿಂದ ಒದ್ದೆ ಬಟ್ಟೆ ಒತ್ತಿ ಒಣಗಲು ಬಿಡಿ, ಮತ್ತೆ ಬಿಗಿಯಾಗುತ್ತದೆ. ಇನ್ನು, ಕ್ರಿಸ್‌ಮಸ್ ದಿನ ಬಿಚ್ಚಲು ಡಬ್ಬಿ ಇಲ್ಲ, ಫೋಟೊಗೆ ಪೋಸ್ ಇಲ್ಲ. ಕೊಟ್ಟವರಿಗೆ ಸ್ವಲ್ಪ ಬೇಜಾರೇ.

ಎಲ್ಲಕ್ಕಿಂತ ದೊಡ್ಡ ಕೊರತೆ ಮಮ್ಮಿ ಎತ್ತಿದ ಮಾತು. "ನಿನ್ನ ಪಪ್ಪನಿಗೆ ಮಾತ್ರವಾ ಮಗಾ?" ನ್ಯಾಯವೇ. ಮರುವರ್ಷ ಅದೇ ದಾರಿಯಲ್ಲಿ ಅವರ ಕಾಲಿನಿಂದ ತುಳಿಯುವ ಹೊಲಿಗೆ ಮಿಷನಿಗೆ ಸಣ್ಣ ಮೋಟಾರು ಹಾಕಿಸಿ, ಸೂಜಿಯ ಹತ್ತಿರ ಒಂದು ಎಲ್‌ಇಡಿ ದೀಪ ಕೂರಿಸಿದೆ. ಎರಡು ಸಾವಿರದೊಳಗೆ ಮುಗಿಯಿತು. ಮೊದಲ ವಾರವೇ ದಿಂಬಿನ ಕವರುಗಳೆಲ್ಲ ಹೊಸದಾದವು. ಕಪಾಟಿನಲ್ಲಿ ಇಡಲು ಆಗದ ಗಿಫ್ಟ್ ಅದು, ಅದೇ ಅದರ ಗುಣ.

ಹಾಗಾಗಿ ನನ್ನಂತೆ ಐದು ಸಾವಿರದ ಬಜೆಟ್ ಇದ್ದು, ಅಪ್ಪ-ಅಮ್ಮ ಹಳೇ ಮನೆಯಲ್ಲಿ ಇದ್ದರೆ, ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಸುತ್ತು ಹಾಕಿ. ದಾರ ಕಟ್ಟಿಕೊಂಡು, ಹಲಗೆ ಇಟ್ಟುಕೊಂಡು, ಟೇಪ್ ಸುತ್ತಿಕೊಂಡು ದಿನಾ ಬಳಸುತ್ತಿರುವುದು ಏನಾದರೂ ಸಿಕ್ಕೇ ಸಿಗುತ್ತದೆ. ಅದನ್ನು ರಿಪೇರಿ ಮಾಡಿಸಿ. ಬೆತ್ತದ ಕೆಲಸವಾದರೆ ಮಳೆ ಬಿಟ್ಟ ಕೂಡಲೇ, ಅಕ್ಟೋಬರಿನಲ್ಲೇ ಮಾತಾಡಿಡಿ. ಡಿಸೆಂಬರಿನಲ್ಲಿ ಹೋದರೆ ಹಬ್ಬಕ್ಕೆ ಪಪ್ಪ ಸ್ಟೂಲಿನ ಮೇಲೆ.

ಅಕ್ಕ ಒಪ್ಪುವುದಿಲ್ಲ. ಈ ಸಲ ಏರ್ ಫ್ರೈಯರ್ ಅಂತ ಕೂತಿದ್ದಾಳೆ. ಅದರಲ್ಲಿ ಕಿಡಿಯೊ (ಎಣ್ಣೆಯಲ್ಲಿ ಕರಿಯುವ ಕುಸ್ವಾರಿನ ತಿಂಡಿ) ಆಗುವುದಿಲ್ಲ ಅಂತ ಮಮ್ಮಿ ಈಗಲೇ ಹೇಳಿಯಾಗಿದೆ.