ಕೆನೆಬಿಳಿಯೋ, ಬೂದುಬಿಳಿಯೋ: ಹಂಚಿನ ಮನೆಯ ನಡುಮನೆಗೆ ಎರಡು ಬಣ್ಣಗಳ ಹೋಲಿಕೆ

ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಯ ನಡುಮನೆಗೆ ಬಣ್ಣ ಹೊಡೆಸುವಾಗ ಕೊನೆಗೆ ಉಳಿದದ್ದು ಎರಡೇ ಆಯ್ಕೆಗಳು: ಬಿಳಿಗೆ ಹಳದಿಯ ಸುಳಿವಿರುವ ಕೆನೆಬಿಳಿ ಮತ್ತು ಕಪ್ಪಿನ ಸುಳಿವಿರುವ ಬೂದುಬಿಳಿ. ಶೇಡ್ ಕಾರ್ಡಿನಲ್ಲಿ ಇವು ಅಣ್ಣತಮ್ಮಂದಿರಂತೆ ಕಾಣುತ್ತವೆ. ಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದನ್ನು 0ಯಿಂದ 100ರವರೆಗೆ ಸೂಚಿಸುವ ಎಲ್‌ಆರ್‌ವಿ ಅಂಕಿಯಲ್ಲೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹೀಗಾಗಿ ಎರಡರ ಸಣ್ಣ ಡಬ್ಬಿಗಳನ್ನೂ ತರಿಸಿ, ಪ್ರೈಮರ್ ಆಗಿದ್ದ ಗೋಡೆಯಲ್ಲಿ ಕಿಟಕಿಯ ಎದುರಿಗೂ ಕತ್ತಲೆಯ ಮೂಲೆಗೂ ಅಕ್ಕಪಕ್ಕದಲ್ಲಿ ಎರಡು ಕೋಟ್ ಹೊಡೆಸಿದೆವು. ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆಬಣ್ಣ) ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುವುದರಿಂದ, ಹಸಿಯಿದ್ದಾಗ ತೀರ್ಮಾನಕ್ಕೆ ಬರಬಾರದು.

ಎರಡರ ನಿಜವಾದ ಗುಣವನ್ನು ಬಯಲಿಗೆಳೆದದ್ದು ನೆಲ ಮತ್ತು ತೋಟ. ನಮ್ಮದು ರೆಡ್ ಆಕ್ಸೈಡ್ ನೆಲ. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದಾಗ ಗೋಡೆಯ ಕೆಳಭಾಗಕ್ಕೆ ಕೆಂಪು ಪ್ರತಿಫಲಿಸುತ್ತದೆ. ಕೆನೆಬಿಳಿ ಆ ಕೆಂಪನ್ನು ತನ್ನ ಹಳದಿಯೊಂದಿಗೆ ಸೇರಿಸಿಕೊಂಡು ಹಿತವಾದ ಬೆಚ್ಚನೆಯ ಛಾಯೆಗೆ ತಿರುಗಿದರೆ, ಬೂದುಬಿಳಿ ಒಗೆದೊಗೆದು ಮಾಸಿದ ಗುಲಾಬಿ ಬಟ್ಟೆಯ ಬಣ್ಣಕ್ಕೆ ಇಳಿಯಿತು. ತೋಟದ ಕಡೆಯ ಕಿಟಕಿಯಲ್ಲಿ ಇದಕ್ಕೆ ಬೇರೆಯದೇ ಅವಸ್ಥೆ: ಅಡಿಕೆ ಸೋಗೆಗಳ ನಡುವಿನಿಂದ ಸೋಸಿ ಬರುವ ಬೆಳಕಿನ ಹಸಿರು ಬೂದುಬಿಳಿಯ ಮೇಲೆ ಎದ್ದು ಕಂಡಿತು, ಕೆನೆಬಿಳಿಯ ಮೇಲೆ ಅಷ್ಟಾಗಿ ಕಾಣಲಿಲ್ಲ. ಜಡಿಮಳೆಯ ದಿನಗಳಲ್ಲಂತೂ ಮೋಡದ ನೀಲಿಮಿಶ್ರಿತ ಬೆಳಕಿಗೆ ಬೂದುಬಿಳಿಯ ಗೋಡೆ ಹಸಿ ಸಿಮೆಂಟಿನಂತೆ ಕಂಡು, ಹಗಲಿನಲ್ಲೇ ದೀಪ ಹಾಕಬೇಕೆನಿಸುತ್ತಿತ್ತು.

ರಾತ್ರಿ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಬಲ್ಬಿನ ಬೆಳಕಿನ ಛಾಯೆಯನ್ನು ಕೆಲ್ವಿನ್ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. 3000 ಕೆಲ್ವಿನ್‌ನ ಹಳದಿ ಎಲ್‌ಇಡಿ ಬಲ್ಬಿನ ಕೆಳಗೆ ಬೂದುಬಿಳಿಯೇ ಚೆಂದ, ಕೆನೆಬಿಳಿ ಅತಿಯಾಗಿ ಹಳದಿಯೆನಿಸುತ್ತದೆ. 6500 ಕೆಲ್ವಿನ್‌ನ ಬಿಳಿ ಟ್ಯೂಬಿನಲ್ಲಿ ಕೆನೆಬಿಳಿ ಹದಕ್ಕೆ ಬಂದು, ಬೂದುಬಿಳಿ ಆಸ್ಪತ್ರೆಯ ವಾರ್ಡನ್ನು ನೆನಪಿಸುತ್ತದೆ. ಬಲ್ಬನ್ನು ಬದಲಿಸುವುದು ಸುಲಭ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆಕಾಶವನ್ನು ಬದಲಿಸಲಾಗದು. ನಾವು ಕೆನೆಬಿಳಿಯನ್ನೇ ಹೊಡೆಸಿ 4000 ಕೆಲ್ವಿನ್‌ನ ಬಲ್ಬ್ ಹಾಕಿದೆವು.

ಹಂಚು ಸೋರಿ ಇಳಿದ ನೀರಿನ ಕಂದು ಕಲೆಯೂ ಕೆನೆಬಿಳಿಯಲ್ಲಿ ಸ್ವಲ್ಪ ಅಡಗುತ್ತದೆ. ಬೂಷ್ಟಿನ ಕಪ್ಪು ಚುಕ್ಕೆಗಳ ವಿಷಯದಲ್ಲಿ ಎರಡೂ ಒಂದೇ. ಥಂಡಿಯ ಮೂಲವನ್ನು ಸರಿಪಡಿಸದೆ ಯಾವ ಬಣ್ಣ ಬಳಿದೂ ಪ್ರಯೋಜನವಿಲ್ಲ. ಹಾಗೆಂದು ಬೂದುಬಿಳಿಯನ್ನು ತಳ್ಳಿಹಾಕುವಂತಿಲ್ಲ. ಶಿವಮೊಗ್ಗ ಪೇಟೆಯಲ್ಲಿರುವ ಅಕ್ಕನ ಮನೆಯಲ್ಲಿ, ಬಿಳಿ ಟೈಲ್ಸಿನ ನೆಲ ಮತ್ತು ದಕ್ಷಿಣದ ದೊಡ್ಡ ಕಿಟಕಿಯಿರುವ ಕೋಣೆಗೆ ಉಳಿದ ಡಬ್ಬಿಯನ್ನೇ ಕೊಟ್ಟು ಪರೀಕ್ಷಿಸಿದಾಗ, ಅಲ್ಲಿ ಅದು ಯಾವ ಬಣ್ಣವನ್ನೂ ಎರವಲು ಪಡೆಯದೆ ಅಚ್ಚುಕಟ್ಟಾಗಿ ನಿಂತಿತು.