ಸಿಂಹಗಡ ರಸ್ತೆಯ ಒಂದು ಮಕ್ಕಳ ದವಾಖಾನೆ: ಹಸುಗೂಸಿನ ಜ್ವರಕ್ಕೆ ದಿನ ಎಣಿಸುವವರು

ಪುಣೆಯ ಸಿಂಹಗಡ ರಸ್ತೆಯಲ್ಲಿ, ಧಾಯರಿ ಫಾಟಾದಿಂದ ತುಸು ಒಳಗೆ, ಮೊದಲ ಮಹಡಿಯಲ್ಲಿರುವ ಒಂದು ಚಿಕ್ಕ ಮಕ್ಕಳ ದವಾಖಾನೆಯ ಬಗ್ಗೆ ಬರೆಯುತ್ತಿದ್ದೇನೆ. ಈಗಿರುವ ಮಕ್ಕಳನ್ನೇ ಸರಿಯಾಗಿ ನೋಡಲು ಸಮಯ ಸಾಲುತ್ತಿಲ್ಲವೆಂದು ವೈದ್ಯರು ಕೇಳಿಕೊಂಡಿದ್ದರಿಂದ ಹೆಸರು ಹಾಕಿಲ್ಲ. ಆದರೂ ಬರೆಯುವುದಕ್ಕೆ ಕಾರಣವಿದೆ. ಮಾತು ಬಾರದ ಕೂಸಿಗೆ ಮಳೆಗಾಲದಲ್ಲಿ ಜ್ವರ ಬಂದಾಗ ಅದು ಡೆಂಗ್ಯೂವೋ, ಚಿಕುನ್‌ಗುನ್ಯಾವೋ, ಝೀಕಾವೋ ಎಂಬುದನ್ನು ಹೇಗೆ ಬಿಡಿಸಿ ನೋಡಬೇಕೆಂದು ನಾನು ತಿಳಿದದ್ದು ಇಲ್ಲಿಯೇ; ನಿಮ್ಮ ಬಡಾವಣೆಯ ದವಾಖಾನೆಯನ್ನು ಅಳೆಯುವುದಕ್ಕೂ ಇದು ಉಪಯೋಗಕ್ಕೆ ಬಂದೀತು.

ಕಳೆದ ಸೆಪ್ಟೆಂಬರಿನ ಒಂದು ಬುಧವಾರ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ಏಳು ತಿಂಗಳ ಮಗಳ ಮೈ ಸುಡತೊಡಗಿತು. ಗುರುವಾರ ಗಾಬರಿಯಲ್ಲಿ ಹತ್ತಿರದ ಪ್ರಯೋಗಾಲಯವೊಂದಕ್ಕೆ ಹೋಗಿ, ಅವರು ಹೇಳಿದ ‘ಜ್ವರದ ಪ್ಯಾಕೇಜ್’ ಮಾಡಿಸಿದೆವು. ಸಂಜೆ ಬಂದ ವರದಿಯಲ್ಲಿ ಡೆಂಗ್ಯೂ ಐಜಿಎಂ (ಹೊಸ ಸೋಂಕಿಗೆ ಮೊದಲು ಹುಟ್ಟುವ ಪ್ರತಿಕಾಯ) ಇಲ್ಲ, ಐಜಿಜಿ (ಸೋಂಕಿನ ನಂತರ ಬಹುಕಾಲ ಉಳಿಯುವ ಪ್ರತಿಕಾಯ) ಇದೆ ಎಂದಿತ್ತು. ಇದು ಹಳೆಯ ಸೋಂಕಿನ ಗುರುತು, ಈಗಿನದು ಸಾಮಾನ್ಯ ಜ್ವರ, ಚಿಂತೆ ಬೇಡವೆಂದು ಅಲ್ಲಿನವರು ಹೇಳಿ ಕಳಿಸಿದರು. ಹುಟ್ಟಿ ಏಳೇ ತಿಂಗಳಾದ ಕೂಸಿಗೆ ಹಳೆಯ ಸೋಂಕು ಎಲ್ಲಿಂದ ಬಂತು ಎಂದು ಕೇಳುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಈ ದವಾಖಾನೆಗೆ ಬಂದೆವು. ಒಳಗೆ ಕಾಲಿಡುತ್ತಲೇ ನನ್ನ ಮಾತಿನ ಧಾಟಿ ಹಿಡಿದ ನರ್ಸ್, ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, “ಅಕ್ಕಾರ, ಜ್ವರಾ ಎಂದ ಸುರು ಆತ್ರಿ? ತಾಸ ನೆನಪೈತೇನು?” ಎಂದು ಕೇಳಿದರು. ‘ಎರಡು ದಿನ ಆಯಿತು’ ಎಂಬ ಉತ್ತರ ಅವರಿಗೆ ಸಾಲಲಿಲ್ಲ. ಬುಧವಾರ ರಾತ್ರಿ ಒಂಬತ್ತು ಎಂದು ಹೇಳಿಸಿಕೊಂಡು, ಹಳದಿ ಕಾರ್ಡೊಂದರ ಮೊದಲ ಚೌಕದಲ್ಲಿ ಅದನ್ನೇ ಬರೆದರು. ಕಾರ್ಡಿನಲ್ಲಿ ಏಳು ದಿನಗಳಿಗೆ ಏಳು ಸಾಲು. ಪ್ರತಿ ಸಾಲಿನಲ್ಲಿ ಜ್ವರ ಎಷ್ಟು, ಹಾಲು ಎಷ್ಟು ಸಲ, ಒದ್ದೆಯಾದ ಡೈಪರ್ ಎಷ್ಟು, ವಾಂತಿ ಎಷ್ಟು ಎಂಬ ಚೌಕಗಳು. ಕೂಸನ್ನು ಬಟ್ಟೆ ಬಿಚ್ಚಿ ತೂಗಿದರು: 7 ಕಿಲೋ 200 ಗ್ರಾಂ. ನಾನು ಮನೆಯಿಂದ ತಂದಿದ್ದ ಪ್ಯಾರಾಸಿಟಮಾಲ್ ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿ, ಡ್ರಾಪರ್ ಮೇಲೆ 1 ಮಿ.ಲೀ. ಇರುವಲ್ಲಿ ಪೆನ್ನಿನಿಂದ ಗೆರೆ ಎಳೆದುಕೊಟ್ಟರು. ಹನಿಯ ಔಷಧದಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಅಥವಾ 250 ಇರುತ್ತದೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಕೂಸಿನ ಯಕೃತ್ತಿಗೆ ಅಪಾಯ. ಆ ಗೆರೆಯನ್ನು ನಾನು ಇಂದಿಗೂ ಅಳಿಸಿಲ್ಲ.

ವೈದ್ಯರು ಮರಾಠಿಯವರು, ಮಾತು ಕಡಿಮೆ. ನಮ್ಮ ವರದಿ ನೋಡಿ ನನ್ನನ್ನೇ ಕೇಳಿದರು: “ನಿಮಗೆ ಯಾವಾಗಲಾದರೂ ಡೆಂಗ್ಯೂ ಬಂದಿತ್ತೇ?” 2021ರಲ್ಲಿ ಬಂದಿತ್ತು. ಹಾಗಾದರೆ ಈ ಐಜಿಜಿ ಮಗುವಿನದಾಗಿರಲಿಕ್ಕಿಲ್ಲ, ಗರ್ಭದಲ್ಲಿದ್ದಾಗ ನಿಮ್ಮಿಂದ ಬಂದದ್ದು ಎಂದರು. ಮುಂದೆ ಅವರು ಹೇಳಿದ್ದನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಕೂಸನ್ನು ಕಾಯುತ್ತವೆ. ಅವು ಕ್ಷೀಣಿಸುತ್ತ ಬಂದಂತೆ, ಸುಮಾರು ನಾಲ್ಕರಿಂದ ಒಂಬತ್ತು ತಿಂಗಳ ನಡುವೆ, ವೈರಸ್ಸನ್ನು ತಡೆಯುವಷ್ಟು ಬಲ ಅವಕ್ಕಿರುವುದಿಲ್ಲ, ಆದರೆ ಅದಕ್ಕೆ ಅಂಟಿಕೊಂಡು ಜೀವಕೋಶದ ಒಳಗೆ ಹೋಗಲು ದಾರಿ ಮಾಡಿಕೊಡುವಷ್ಟು ಉಳಿದಿರುತ್ತವೆ. ಆದ್ದರಿಂದ ದೊಡ್ಡವರಲ್ಲಿ ಎರಡನೆಯ ಸಲದ ಡೆಂಗ್ಯೂ ಹೇಗೆ ಉಗ್ರವಾಗಬಹುದೋ, ಈ ವಯಸ್ಸಿನ ಕೂಸಿಗೆ ಮೊದಲ ಸಲದ್ದೇ ಹಾಗಾಗಬಹುದು. ‘ಚಿಂತೆ ಬೇಡ’ ಎನ್ನಿಸಿಕೊಂಡ ವರದಿಯೇ ಹೆಚ್ಚು ಎಚ್ಚರಕ್ಕೆ ಕಾರಣವಾಗಬೇಕಿತ್ತು.

ಯಾವ ದಿನ ಯಾವ ಪರೀಕ್ಷೆ ಎಂಬುದರಲ್ಲಿ ಈ ದವಾಖಾನೆಯ ಶಿಸ್ತು ನನಗೆ ಬಹಳ ಹಿಡಿಸಿತು. ಡೆಂಗ್ಯೂ ವೈರಸ್ಸಿನ ಎನ್‌ಎಸ್-1 ಎಂಬ ಪ್ರೋಟೀನು ಮೊದಲ ದಿನದಿಂದ ಸುಮಾರು ಐದನೆಯ ದಿನದವರೆಗೆ ರಕ್ತದಲ್ಲಿ ಸಿಗುತ್ತದೆ; ಐಜಿಎಂ ಕಾಣಿಸಿಕೊಳ್ಳುವುದು ನಾಲ್ಕು-ಐದನೆಯ ದಿನದ ನಂತರ. ಎರಡನೆಯ ದಿನ ಐಜಿಎಂ ಮಾಡಿಸಿ ‘ಇಲ್ಲ’ ಎಂದರೆ ಅದು ಉತ್ತರವೇ ಅಲ್ಲ. ಅವರು ಎನ್‌ಎಸ್-1, ರಕ್ತಕಣಗಳ ಎಣಿಕೆ, ಮಲೇರಿಯಾ ಮತ್ತು ಮೂತ್ರ ಪರೀಕ್ಷೆ ಬರೆದರು. ಮೂತ್ರ ಏಕೆಂದರೆ ಹೆಣ್ಣುಕೂಸುಗಳಿಗೆ ಮೂತ್ರದ ಸೋಂಕಿನಿಂದಲೂ ಬರಿಯ ಜ್ವರ ಬರುತ್ತದೆ. ಸೊಳ್ಳೆಯ ಕಾಲವೆಂದು ಅದನ್ನು ಮರೆಯಬಾರದು. ಎನ್‌ಎಸ್-1 ಪಾಸಿಟಿವ್ ಬಂತು. ಪ್ಲೇಟ್ಲೆಟ್ 1,90,000, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 33.

ಭಾನುವಾರ ಬೆಳಿಗ್ಗೆ ಜ್ವರ ಇಳಿಯಿತು. ಊರಿಂದ ಬಂದಿದ್ದ ಅತ್ತೆಯವರು ದೇವರಿಗೆ ದೀಪ ಹಚ್ಚಿದರು; ನಾನೂ ಒಂದು ಗಳಿಗೆ ಕಣ್ಣು ಮುಚ್ಚಿ ಕುಳಿತೆ. ಆದರೆ ಕಾರ್ಡಿನ ಕೆಳಗೆ ಕೆಂಪು ಶಾಯಿಯಲ್ಲಿ ‘ಜ್ವರ ಇಳಿದ ದಿನ ತಪ್ಪದೆ ಬನ್ನಿ’ ಎಂದು ಮರಾಠಿಯಲ್ಲಿ ಬರೆದಿತ್ತು. ಭಾನುವಾರ ಈ ದವಾಖಾನೆ ಎರಡು ತಾಸು ಜ್ವರದ ಮಕ್ಕಳಿಗಾಗಿಯೇ ತೆರೆದಿರುತ್ತದೆ. ನರ್ಸ್ ಕೂಸಿನ ಪಾದ ಹಿಡಿದವರೇ ಮುಖ ಗಂಭೀರ ಮಾಡಿಕೊಂಡರು. ಮೈ ಬೆಚ್ಚಗಿದೆ, ಪಾದ ತಣ್ಣಗಿದೆ. ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟು, ಬಿಳುಪು ಮತ್ತೆ ಕೆಂಪಾಗುವವರೆಗೆ ಬಾಯಲ್ಲಿ ಎಣಿಸಿದರು. ಎರಡಕ್ಕೆ ಮುಗಿಯಬೇಕಾದದ್ದು ನಾಲ್ಕಕ್ಕೆ ಹೋಯಿತು. ವೈದ್ಯರು ಪಕ್ಕೆಲುಬಿನ ಕೆಳಗೆ ಬೆರಳಿಟ್ಟು, ಯಕೃತ್ತು ಶುಕ್ರವಾರಕ್ಕಿಂತ ಕೆಳಗಿಳಿದಿದೆ ಎಂದರು. ಅರ್ಧ ತಾಸಿನಲ್ಲಿ ಬಂದ ವರದಿಯಲ್ಲಿ ಹೆಮಟೋಕ್ರಿಟ್ 40, ಪ್ಲೇಟ್ಲೆಟ್ 84,000. ನಮ್ಮ ಕಣ್ಣೆಲ್ಲ ಪ್ಲೇಟ್ಲೆಟ್ ಮೇಲೆ, ವೈದ್ಯರ ಕಣ್ಣು ಹೆಮಟೋಕ್ರಿಟ್ ಮೇಲೆ: ರಕ್ತದ ನೀರಿನಂಶ ನಾಳಗಳಿಂದ ಹೊರಗೆ ಸೋರುತ್ತಿರುವುದರಿಂದ ಉಳಿದ ರಕ್ತ ಗಟ್ಟಿಯಾಗುತ್ತಿದೆ, ಡೆಂಗ್ಯೂದಲ್ಲಿ ಮಗುವಿನ ಜೀವಕ್ಕೆ ಅಪಾಯ ತರುವುದು ಮುಖ್ಯವಾಗಿ ಈ ಸೋರಿಕೆ ಎಂದು ಒಂದೇ ಮಾತಿನಲ್ಲಿ ತಿಳಿಸಿ, ದೊಡ್ಡ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಜ್ವರ ಆರಂಭವಾದ ತಾಸು, ಎರಡೂ ದಿನದ ಹೆಮಟೋಕ್ರಿಟ್, ತೂಕ, ಕೊನೆಯ ಸಲ ಮೂತ್ರ ಮಾಡಿದ ಸಮಯ ಎಲ್ಲವೂ ಆ ಪತ್ರದಲ್ಲಿದ್ದುದರಿಂದ ಅಲ್ಲಿ ಹತ್ತು ನಿಮಿಷದೊಳಗೆ ಡ್ರಿಪ್ ಹಾಕಿದರು. ಎರಡು ರಾತ್ರಿ ತಾಸಿಗೊಮ್ಮೆ ಅಳೆದು ನೀರು ಕೊಟ್ಟರು. ಮಂಗಳವಾರ ಮಗಳು ಮೊಲೆಗೆ ಬಾಯಿ ಹಾಕಿ ಹೊಟ್ಟೆ ತುಂಬ ಕುಡಿದಳು.

ಇನ್ನೊಂದು ಮಗುವಿನ ವಿಷಯ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ನಮ್ಮ ಕಟ್ಟಡದಲ್ಲೇ ಇರುವ ಗದಗ ಕಡೆಯ ಕುಟುಂಬದ ಐದು ತಿಂಗಳ ಗಂಡುಕೂಸಿಗೂ ಅದೇ ವಾರ ಜ್ವರ ಬಂತು. ನಮ್ಮದರಂತೆಯೇ ಇರಬೇಕೆಂದು ನಾವೆಲ್ಲ ಅಂದುಕೊಂಡೆವು. ಕೂಸು ಯಾವಾಗ ಅಳುತ್ತದೆ ಎಂದು ವೈದ್ಯರು ಕೇಳಿದಾಗ ಅದರ ತಾಯಿ, ಮಲಗಿಸಿದರೆ ಸುಮ್ಮನಿರುತ್ತದೆ, ಡೈಪರ್ ಬದಲಿಸಲು ಕಾಲೆತ್ತಿದರೆ ಚೀರುತ್ತದೆ ಎಂದರು. ಕೀಲು ನೋಯುತ್ತದೆಂದು ಹೇಳಲಾರದ ಕೂಸು ಅದನ್ನು ಹೇಳುವುದು ಹೀಗೆ. ಕೈಕಾಲು ಸ್ವಲ್ಪ ಊದಿದ್ದವು, ನಾಲ್ಕನೆಯ ದಿನ ತೊಡೆಯ ಮೇಲೆ ನೀರುಗುಳ್ಳೆ ಎದ್ದವು. ಇದು ಹಸುಗೂಸುಗಳ ಚಿಕುನ್‌ಗುನ್ಯಾದಲ್ಲಿ ಕಾಣುವ, ದೊಡ್ಡವರಲ್ಲಿ ಅಪರೂಪವಾದ ಲಕ್ಷಣ. ಎನ್‌ಎಸ್-1 ನೆಗೆಟಿವ್, ಹೆಮಟೋಕ್ರಿಟ್ ಏರಲಿಲ್ಲ. ವೈರಸ್ಸಿನ ವಂಶವಾಹಿಯನ್ನೇ ಹುಡುಕಿ ಮೊದಲ ವಾರದಲ್ಲೇ ಹಿಡಿಯಬಲ್ಲ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಚಿಕುನ್‌ಗುನ್ಯಾ ಖಚಿತವಾಯಿತು. ಜ್ವರ ಬಿಟ್ಟ ಮೇಲೆ ಮೂಗಿನ ತುದಿ ಕಪ್ಪಾದಾಗ ಅಜ್ಜಿ ದೃಷ್ಟಿ ತೆಗೆದರು. ಅದೂ ಈ ರೋಗದ ಗುರುತೇ, ನಿಧಾನವಾಗಿ ತಿಳಿಯಾಗುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಡೆಂಗ್ಯೂ ಅಲ್ಲವೆಂದು ಖಾತ್ರಿಯಾಗುವವರೆಗೆ ಆ ಕೂಸಿಗೂ ಐಬುಪ್ರೊಫೆನ್ ಕೊಡಲಿಲ್ಲ, ಏಕೆಂದರೆ ಡೆಂಗ್ಯೂ ಆಗಿದ್ದರೆ ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ.

ಝೀಕಾ ಬಗ್ಗೆ ಅವರು ಕೇಳುವ ಪ್ರಶ್ನೆ ಬೇರೆ: “ಮನೆಯಲ್ಲಿ ಯಾರಾದರೂ ಬಸುರಿ ಇದ್ದಾರೆಯೇ?” ಮಕ್ಕಳಲ್ಲಿ ಝೀಕಾ ಬಹುಮಟ್ಟಿಗೆ ಸಣ್ಣ ಜ್ವರ, ದದ್ದು, ಕೀವಿಲ್ಲದ ಕೆಂಗಣ್ಣಿಗೇ ಮುಗಿಯುತ್ತದೆ, ಅದರ ಪೆಟ್ಟು ಬೀಳುವುದು ಗರ್ಭದ ಶಿಶುವಿನ ಮಿದುಳಿಗೆ. ಮಹಾರಾಷ್ಟ್ರದ ಮೊದಲ ಪ್ರಕರಣ 2021ರಲ್ಲಿ ಇದೇ ಪುಣೆ ಜಿಲ್ಲೆಯ ಬೇಲಸರ ಗ್ರಾಮದಲ್ಲಿ ಸಿಕ್ಕಿತ್ತು, 2024ರ ಜೂನ್‌ನಲ್ಲಿ ನಗರದ ಎರಂಡವಣೆಯಲ್ಲೂ ಕಾಣಿಸಿಕೊಂಡಿತು. ಡೆಂಗ್ಯೂ ಮತ್ತು ಝೀಕಾ ಒಂದೇ ಕುಲದ ವೈರಸ್ಸುಗಳಾದ್ದರಿಂದ ಐಜಿಎಂ ಪರೀಕ್ಷೆ ಒಂದನ್ನು ಇನ್ನೊಂದೆಂದು ತೋರಿಸಬಹುದು. ಅನುಮಾನವಿದ್ದರೆ ಪಿಸಿಆರ್ ಬೇಕು. ನಮ್ಮ ನಾಡಿಗೂ ಈ ನಗರಕ್ಕೂ ಇಲ್ಲೊಂದು ಹಳೆಯ ನಂಟಿದೆ: 1952ರಲ್ಲಿ ಪುಣೆಯಲ್ಲಿ ಆರಂಭವಾದ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದರು. ಅದು ಉಣುಗು (ಉಣ್ಣೆ ಹುಳು) ಕಚ್ಚಿ ಬರುವಂಥದು, ಆದರೆ ಡೆಂಗ್ಯೂವಿನದೇ ಕುಲ.

ಕೊರತೆಗಳನ್ನೂ ಹೇಳಬೇಕು. ಕಾಯುವ ಕೋಣೆಯ ಕಿಟಕಿಯ ಸೊಳ್ಳೆಪರದೆ ಹರಿದಿತ್ತು, ಸ್ವಾಗತದ ಮೇಜಿನ ಮೇಲೆ ಗಾಜಿನ ಬಾಟಲಿಯ ನೀರಿನಲ್ಲಿ ಮನಿಪ್ಲಾಂಟ್ ಇತ್ತು. ಈ ಮೂರೂ ಜ್ವರ ಹರಡುವ ಏಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮೊಟ್ಟೆ ಇಡುವುದು ಇಂಥ ತಿಳಿನೀರಿನ ಅಂಚಿನಲ್ಲಿ; ಡೆಂಗ್ಯೂ ಮಕ್ಕಳು ತುಂಬಿದ ಕೋಣೆಯಲ್ಲಿ ಇದು ಸಲ್ಲದು. ನಾನು ಹೇಳಿದ ಮೇಲೆ ಬಾಟಲಿ ತೆಗೆದರು, ಪರದೆ ಮಾತ್ರ ಇನ್ನೂ ಹಾಗೆಯೇ ಇದೆ. ರಾತ್ರಿ ಒಂಬತ್ತರ ನಂತರ ಫೋನ್ ಎತ್ತುವುದಿಲ್ಲ. ಕಾರ್ಡ್ ಮರಾಠಿ ಮತ್ತು ಇಂಗ್ಲಿಷಿನಲ್ಲಷ್ಟೇ ಇದೆ. ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದ ತಾಯಂದಿರು ಅದನ್ನು ಕೈಯಲ್ಲಿ ತಿರುಗಿಸುತ್ತ ಕೂತಿರುವುದನ್ನು ನೋಡಿದ್ದೇನೆ, ಕನ್ನಡ ಬಲ್ಲ ನರ್ಸ್ ಮಧ್ಯಾಹ್ನ ಎರಡಕ್ಕೆ ಹೊರಟುಬಿಡುತ್ತಾರೆ. ಆ ಏಳು ಸಾಲುಗಳನ್ನು ಕನ್ನಡಕ್ಕೆ ಬರೆದು ಅವರಿಗೆ ಕೊಟ್ಟು ಬಂದಿದ್ದೇನೆ, ಅಚ್ಚು ಹಾಕಿಸುವುದಾಗಿ ಹೇಳಿದ್ದಾರೆ.

ಶುಲ್ಕ 400 ರೂಪಾಯಿ. ಅದೇ ಜ್ವರಕ್ಕೆ ಏಳು ದಿನ ಮತ್ತೆ ತೋರಿಸಲು ಹಣ ತೆಗೆದುಕೊಳ್ಳುವುದಿಲ್ಲ. ಹೋಗುವಾಗ ಹೆರಿಗೆಯ ಫೈಲು, ಮನೆಯಲ್ಲಿ ಕೊಟ್ಟ ಔಷಧದ ಬಾಟಲಿ ಜೊತೆಗಿರಲಿ, ಜ್ವರ ಶುರುವಾದ ದಿನ ಮತ್ತು ತಾಸನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿರಿ. ತಾಯಿಗೆ ಹಿಂದೆ ಡೆಂಗ್ಯೂ ಬಂದಿದ್ದರೆ ಅದನ್ನು ಕೇಳುವ ಮೊದಲೇ ಹೇಳಿ.